ಹಡಗಿನಿಂದ ಇಳಿಯುವ ದಿನ

ಅಮೆರಿಕದಲ್ಲಿ ವ್ಯಾಪಾರಿ ಹಡಗಿನ ಕೆಲಸಕ್ಕೆ ಹೊರಟವರು ಮೊದಲು ಪಡೆಯಬೇಕಾದದ್ದು ಅಲ್ಲಿನ ಕೋಸ್ಟ್ ಗಾರ್ಡ್ ಕೊಡುವ ಅರ್ಹತಾ ಪತ್ರ. ಡೆಕ್ಕಿನಲ್ಲಿ ಹಗ್ಗ ಎಳೆಯುವವನಿಂದ ಕ್ಯಾಪ್ಟನ್‌ವರೆಗೆ, ಎಂಜಿನ್ ರೂಮಿನ ವೈಪರ್‌ನಿಂದ ಚೀಫ್ ಎಂಜಿನಿಯರ್‌ವರೆಗೆ ಎಲ್ಲರಿಗೂ ಅದು ಬೇಕು. ಅದು ಕೈಗೆ ಬಂದ ಮೇಲೆ ದಾರಿ ಕವಲೊಡೆಯುತ್ತದೆ. ಒಂದು ಕವಲು ಯೂನಿಯನ್ ಹಾಲ್‌ನ ಕಡೆಗೆ. ಅಲ್ಲಿ ಹೆಸರು ಬರೆಸಿ, ಸರದಿ ಬಂದಾಗ ಖಾಸಗಿ ಕಂಪನಿಯ ಹಡಗು ಹತ್ತಬಹುದು. ಇನ್ನೊಂದು ಕವಲು ಸರ್ಕಾರಿ ನೌಕರಿಯ ಕಡೆಗೆ. ನೌಕಾಪಡೆಯ ಅಡಿಯಲ್ಲಿರುವ ಮಿಲಿಟರಿ ಸೀಲಿಫ್ಟ್ ಕಮಾಂಡ್ ಸೇರಿ, ಯುದ್ಧನೌಕೆಗಳಿಗೆ ಎಣ್ಣೆ, ಆಹಾರ, ಮದ್ದುಗುಂಡು ತಲುಪಿಸುವ ಹಡಗುಗಳನ್ನು ನಡೆಸುವ ಕೆಲಸ ಅದು. ಸಮವಸ್ತ್ರದ ಸೈನಿಕನಾಗದೆ, ಕೇಂದ್ರ ಸರ್ಕಾರದ ನಾಗರಿಕ ನೌಕರನಾಗಿ.

ಯಾವುದು ಮೇಲು ಎಂಬ ಪ್ರಶ್ನೆ ಬಂದಾಗಲೆಲ್ಲ ಮಾತು ಸಂಬಳಕ್ಕೆ ಹೋಗಿ ನಿಲ್ಲುತ್ತದೆ. ದಿನಗೂಲಿ ಎಷ್ಟು, ಓವರ್‌ಟೈಮ್ ಎಷ್ಟು, ಪಿಂಚಣಿ ಎಷ್ಟು. ಇವೆಲ್ಲ ಕೇಳಲೇಬೇಕಾದ ಪ್ರಶ್ನೆಗಳು. ಆದರೆ ಸಮುದ್ರದ ಕೆಲಸದಲ್ಲಿ ಇವುಗಳಿಗಿಂತ ಮೊದಲು ಕೇಳಬೇಕಾದದ್ದು ಬೇರೆ ಇದೆ ಎಂಬುದು ನನ್ನ ನಂಬಿಕೆ. ನಾನು ಹಡಗಿನಿಂದ ಇಳಿಯುವ ದಿನವನ್ನು ಗೊತ್ತುಮಾಡುವವರು ಯಾರು? ಕಚೇರಿಯ ನೌಕರ ಸಂಜೆ ಐದಕ್ಕೋ ಆರಕ್ಕೋ ಮನೆಗೆ ಹೊರಡುತ್ತಾನೆ. ನಾವಿಕನಿಗೆ ಆ ಐದು ಗಂಟೆ ಬರುವುದು ತಿಂಗಳುಗಳ ನಂತರ, ಅದೂ ತನ್ನ ಜಾಗಕ್ಕೆ ಇನ್ನೊಬ್ಬ ಬಂದು ನಿಂತಾಗ ಮಾತ್ರ.

ಈ ಪ್ರಶ್ನೆ ಹೊಸದಲ್ಲ. ಅಮೆರಿಕದ ನಾವಿಕರ ಚರಿತ್ರೆಯೇ ಇದರ ಸುತ್ತ ಬೆಳೆದಿದೆ. 1895ರಲ್ಲಿ ಅರಾಗೊ ಎಂಬ ಹಾಯಿಹಡಗಿನ ನಾಲ್ವರು ನಾವಿಕರು ಒರೆಗಾನ್‌ನ ಅಸ್ಟೋರಿಯ ಬಂದರಿನಲ್ಲಿ ಕೆಲಸ ಬಿಟ್ಟು ಇಳಿದು ಹೋದರು. ಅವರನ್ನು ಬಂಧಿಸಿ ಜೈಲಿನಲ್ಲಿಟ್ಟರು. ಹಡಗು ಹೊರಡುವ ಹೊತ್ತಿಗೆ ಇಷ್ಟವಿಲ್ಲದಿದ್ದರೂ ಎಳೆದು ತಂದು ಮತ್ತೆ ಹತ್ತಿಸಿದರು. ಬಲವಂತದ ದುಡಿಮೆಯನ್ನು ನಿಷೇಧಿಸಿದ ಸಂವಿಧಾನದ 13ನೇ ತಿದ್ದುಪಡಿ ತಮಗೂ ಅನ್ವಯಿಸಬೇಕಲ್ಲವೇ ಎಂದು ಅವರು ಸುಪ್ರೀಂ ಕೋರ್ಟಿನವರೆಗೆ ಹೋದರು. 1897ರಲ್ಲಿ ತೀರ್ಪು ಬಂತು. ನಾವಿಕನ ಕರಾರು ಹಿಂದಿನಿಂದಲೂ ಬೇರೆ ಬಗೆಯದು, ಆ ರಕ್ಷಣೆ ಅವನಿಗಿಲ್ಲ ಎಂದಿತು ಕೋರ್ಟು. ಗುಲಾಮಗಿರಿ ಕೊನೆಗೊಂಡು ಮೂವತ್ತು ವರ್ಷಗಳಾದ ಮೇಲೂ ಹಡಗು ಹತ್ತಿದವನಿಗೆ ಇಳಿದು ಹೋಗುವ ಸ್ವಾತಂತ್ರ್ಯ ಇರಲಿಲ್ಲ. ನಾರ್ವೆಯಲ್ಲಿ ಹುಟ್ಟಿ ಸ್ಯಾನ್ ಫ್ರಾನ್ಸಿಸ್ಕೊ ಸೇರಿದ್ದ ಆಂಡ್ರ್ಯೂ ಫ್ಯೂರುಸೆತ್ ಎಂಬ ನಾವಿಕ ಮುಖಂಡ ಇದನ್ನು ಬದಲಿಸಲು ವಾಷಿಂಗ್ಟನ್‌ನಲ್ಲಿ ವರ್ಷಗಟ್ಟಲೆ ಓಡಾಡಿದರು. ಕೊನೆಗೆ 1915ರ ನಾವಿಕರ ಕಾಯಿದೆ ಹಡಗು ಬಿಟ್ಟವನನ್ನು ಜೈಲಿಗೆ ಹಾಕುವ ಪದ್ಧತಿಯನ್ನು ತೆಗೆದುಹಾಕಿತು.

ಇಳಿಯುವ ಹಕ್ಕು ಬಂದ ಮೇಲೂ ಹತ್ತುವುದು ಸುಲಭವಾಗಲಿಲ್ಲ. ಕೆಲಸ ಬೇಕಾದವನು ಬಂದರಿನ ವಸತಿಗೃಹಗಳ ದಲ್ಲಾಳಿಗಳಿಗೆ ಮೊದಲ ತಿಂಗಳ ಸಂಬಳ ಒಪ್ಪಿಸಬೇಕಾಗುತ್ತಿದ್ದ ಕಾಲವೊಂದಿತ್ತು. ಆಮೇಲೆ ಹಡಗು ಮಾಲೀಕರೇ ನೇಮಕಾತಿ ಕೇಂದ್ರ ತೆರೆದರು. ಯೂನಿಯನ್ ಮಾತೆತ್ತಿದವನ ಹೆಸರು ಅಲ್ಲಿ ಕರಿಪಟ್ಟಿ ಸೇರುತ್ತಿತ್ತು. 1934ರಲ್ಲಿ ಪಶ್ಚಿಮ ಕರಾವಳಿಯ ಬಂದರು ಕಾರ್ಮಿಕರು ಮುಷ್ಕರ ಹೂಡಿದಾಗ ನಾವಿಕರೂ ಹಡಗಿನಿಂದ ಇಳಿದು ಬಂದು ಸೇರಿಕೊಂಡರು. ಜುಲೈ 5ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಪೊಲೀಸರ ಗುಂಡಿಗೆ ಇಬ್ಬರು ಬಲಿಯಾದರು. ಅದಾದ ಮೇಲೆ ಇಡೀ ನಗರ ನಾಲ್ಕು ದಿನ ಕೆಲಸ ನಿಲ್ಲಿಸಿತು. ಅಂದಿನ ಬೇಡಿಕೆಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಸಂಬಳದ್ದಾಗಿರಲಿಲ್ಲ. ಕೆಲಸ ಹಂಚುವ ಹಾಲ್ ನಮ್ಮ ಕೈಯಲ್ಲಿರಲಿ ಎಂಬುದಾಗಿತ್ತು. ನಾವಿಕರ ಹಾಲ್ ಗಟ್ಟಿಯಾಗಿ ನೆಲೆನಿಂತದ್ದು 1936-37ರ ಇನ್ನೊಂದು ದೀರ್ಘ ಮುಷ್ಕರದ ನಂತರ.

ಆ ಹಾಲ್ ಇಂದಿಗೂ ಹೆಚ್ಚುಕಡಿಮೆ ಅದೇ ನಿಯಮದ ಮೇಲೆ ನಡೆಯುತ್ತದೆ. ಹಡಗು ಇಳಿದು ಬಂದವನು ಹಾಲ್‌ಗೆ ಹೋಗಿ ಹೆಸರು ನೋಂದಾಯಿಸುತ್ತಾನೆ. ಅವನ ಕಾರ್ಡಿನ ಮೇಲೆ ದಿನಾಂಕ ಬೀಳುತ್ತದೆ. ಇಂಥ ಹಡಗಿಗೆ ಒಬ್ಬ ಎಬಿ (ಡೆಕ್ಕಿನ ನುರಿತ ನಾವಿಕ) ಬೇಕು, ಇಂಥದ್ದಕ್ಕೆ ಎಂಜಿನ್ ರೂಮಿಗೆ ಒಬ್ಬ ಆಯಿಲರ್ ಬೇಕು ಎಂದು ನಿಗದಿಯಾದ ಹೊತ್ತಿಗೆ ಕೂಗುತ್ತಾರೆ. ಇಷ್ಟವಿದ್ದವರು ಕಾರ್ಡು ಮುಂದಿಡುತ್ತಾರೆ. ಹಿರಿತನದ ವರ್ಗ ಒಂದೇ ಆಗಿದ್ದರೆ ಹಳೆಯ ದಿನಾಂಕದವನಿಗೆ ಕೆಲಸ. ಕ್ಯಾಪ್ಟನ್‌ಗೆ ಬೇಕಾದವನು, ಕಂಪನಿಯ ಮ್ಯಾನೇಜರನ ಪರಿಚಯದವನು ಎಂಬ ಮಾತು ಆ ಕೌಂಟರಿನಲ್ಲಿ ನಡೆಯಬಾರದು ಎಂಬುದೇ ಇದರ ಉದ್ದೇಶ. ಕಾರ್ಡಿಗೆ ಅವಧಿಯಿದೆ. ಅದು ಮುಗಿದರೆ ಮತ್ತೆ ಸಾಲಿನ ಕೊನೆಗೆ. 1947ರ ಟಾಫ್ಟ್-ಹಾರ್ಟ್ಲಿ ಕಾಯಿದೆಯ ನಂತರ ಸದಸ್ಯನಲ್ಲ ಎಂಬ ಕಾರಣಕ್ಕೆ ಹಾಲ್ ಯಾರನ್ನೂ ತಿರಸ್ಕರಿಸುವಂತಿಲ್ಲ, ನಿಜ. ಆದರೆ ಹಿರಿತನ ಎಂಬುದು ವರ್ಷಗಟ್ಟಲೆ ಸಮುದ್ರಸೇವೆಯಿಂದಲೇ ಬರುವಂಥದ್ದು. ಹೊಸಬನಿಗೆ ಉಳಿಯುವುದು ಹಿರಿಯರು ಬೇಡವೆಂದ ಹಡಗು, ಹಬ್ಬದ ದಿನಗಳಲ್ಲಿ ಹೊರಡುವ ಪ್ರಯಾಣ.

ಈ ವ್ಯವಸ್ಥೆಯ ದೊಡ್ಡ ಗುಣ, ಕಾಲ ನಾವಿಕನ ಕೈಯಲ್ಲಿರುವುದು. ಒಪ್ಪಂದದ ಅವಧಿ ಮುಗಿದ ಮೇಲೆ ಹಾಲ್‌ನಿಂದ ಬದಲಿ ಬರುತ್ತಾನೆ, ಇವನು ಇಳಿಯುತ್ತಾನೆ. ದುಡಿದ ದಿನಗಳ ಲೆಕ್ಕಕ್ಕೆ ತಕ್ಕಂತೆ ರಜೆಯ ಸಂಬಳ ಬೇರೆ. ಕೆಲವು ಅಧಿಕಾರಿಗಳ ಒಪ್ಪಂದಗಳಲ್ಲಿ ಹಡಗಿನಲ್ಲಿ ಕಳೆದ ಒಂದು ದಿನಕ್ಕೆ ಒಂದು ದಿನದ ಹತ್ತಿರಹತ್ತಿರ ರಜೆ ಸಿಗುತ್ತದೆ. ಮಗಳ ಪರೀಕ್ಷೆ ಮುಗಿಯುವವರೆಗೆ ಊರಲ್ಲಿದ್ದು ಆಮೇಲೆ ಹೋಗಿ ನೋಂದಾಯಿಸುತ್ತೇನೆ ಎಂದರೆ ಯಾರ ಅಪ್ಪಣೆಯೂ ಬೇಕಿಲ್ಲ.

ಆದರೆ ಹಾಲ್ ಹಂಚುವುದು ಇರುವ ಕೆಲಸವನ್ನು ಮಾತ್ರ. ಹಡಗೇ ಇಲ್ಲದಿದ್ದರೆ ಕಾರ್ಡಿನ ದಿನಾಂಕ ಎಷ್ಟು ಹಳೆಯದಾದರೇನು? ಎರಡನೇ ಮಹಾಯುದ್ಧ ಮುಗಿದಾಗ ಜಗತ್ತಿನ ಅತಿ ದೊಡ್ಡ ವ್ಯಾಪಾರಿ ನೌಕಾಬಲ ಅಮೆರಿಕದ್ದಾಗಿತ್ತು. ಇಂದು ಸಾಗರ ದಾಟುವ ಅಮೆರಿಕನ್ ಧ್ವಜದ ಖಾಸಗಿ ವ್ಯಾಪಾರಿ ಹಡಗುಗಳ ಸಂಖ್ಯೆ ಇನ್ನೂರಕ್ಕೂ ಕಡಿಮೆ. ಅವಾದರೂ ಉಳಿದಿರುವುದು ಕಾಯಿದೆಗಳ ಆಸರೆಯಿಂದ. ದೇಶದೊಳಗಿನ ಬಂದರುಗಳ ನಡುವೆ ಸರಕು ಒಯ್ಯಲು ಅಮೆರಿಕದಲ್ಲೇ ಕಟ್ಟಿದ, ಅಮೆರಿಕನ್ನರು ನಡೆಸುವ ಹಡಗೇ ಬೇಕು ಎನ್ನುವ 1920ರ ಜೋನ್ಸ್ ಕಾಯಿದೆ ಒಂದು. ಯುದ್ಧ ಬಂದರೆ ಸರ್ಕಾರಕ್ಕೆ ಒದಗುತ್ತೇವೆ ಎಂದು ಒಪ್ಪಿಕೊಂಡ ಅರವತ್ತು ಹಡಗುಗಳಿಗೆ ವಾರ್ಷಿಕ ಸಹಾಯಧನ ಕೊಡುವ ಮಾರಿಟೈಮ್ ಸೆಕ್ಯುರಿಟಿ ಪ್ರೋಗ್ರಾಂ ಇನ್ನೊಂದು. ಹಾಗಾಗಿ ಯೂನಿಯನ್ ನಾವಿಕನ ಅನ್ನವೂ ಸರ್ಕಾರದ ನೀತಿಯಿಂದ ಪೂರ್ತಿ ಬೇರೆಯಲ್ಲ. ಜೊತೆಗೆ ಆರೋಗ್ಯ ವಿಮೆಯಿಂದ ಹಿಡಿದು ಪಿಂಚಣಿಯವರೆಗೆ ಎಲ್ಲವೂ ಸಮುದ್ರದಲ್ಲಿ ಕಳೆದ ದಿನಗಳ ಲೆಕ್ಕಕ್ಕೆ ಕಟ್ಟಿಕೊಂಡಿರುತ್ತವೆ. ಕೆಲಸ ಸಿಗದೆ ದಡದಲ್ಲಿ ಕುಳಿತ ವರ್ಷ ಎರಡು ಕಡೆಯಿಂದ ಪೆಟ್ಟು ಕೊಡುತ್ತದೆ.

ಸರ್ಕಾರಿ ಹಡಗಿನದು ಬೇರೆಯೇ ಲೋಕ. ಮಿಲಿಟರಿ ಸೀಲಿಫ್ಟ್ ಕಮಾಂಡ್ ಬೇರೊಂದು ಹೆಸರಿನಲ್ಲಿ ಹುಟ್ಟಿದ್ದು 1949ರಲ್ಲಿ. ಈಗಿನ ಹೆಸರು ಬಂದದ್ದು 1970ರಲ್ಲಿ. ಕೇಂದ್ರ ಕಚೇರಿ ವರ್ಜೀನಿಯದ ನಾರ್‌ಫೋಕ್‌ನಲ್ಲಿದೆ. ಬೂದು ಬಣ್ಣದ ಒಡಲು, ಹೊಗೆಗೊಳವೆಯ ಸುತ್ತ ನೀಲಿ ಮತ್ತು ಚಿನ್ನದ ಬಣ್ಣದ ಪಟ್ಟಿ ಇದ್ದರೆ ಅದು ಇವರ ಹಡಗು. ನಡುಸಮುದ್ರದಲ್ಲಿ ವಿಮಾನವಾಹಕ ನೌಕೆಯ ಮಗ್ಗುಲಲ್ಲೇ ಸಮವೇಗದಲ್ಲಿ ಸಾಗುತ್ತ, ನಡುವಿನ ಅಂತರದಲ್ಲಿ ಕೊಳವೆ ತೂಗುಹಾಕಿ ಗಂಟೆಗಟ್ಟಲೆ ಎಣ್ಣೆ ತುಂಬುತ್ತಾರಲ್ಲ, ಆ ಎಣ್ಣೆ ಹಡಗನ್ನು ನಡೆಸುವವರು ನಾಗರಿಕ ನಾವಿಕರು. 2020ರಲ್ಲಿ ಕೋವಿಡ್ ಹೊತ್ತಿನಲ್ಲಿ ನ್ಯೂಯಾರ್ಕಿಗೆ ಬಂದ ಕಂಫರ್ಟ್, ಲಾಸ್ ಏಂಜಲೀಸ್‌ಗೆ ಬಂದ ಮರ್ಸಿ ಎಂಬ ಆಸ್ಪತ್ರೆ ಹಡಗುಗಳನ್ನು ನಡೆಸಿದವರೂ ಇವರೇ. ನಮ್ಮ ಹತ್ತಿರಕ್ಕೂ ಇವರು ಬಂದಿದ್ದಾರೆ. 2022ರ ಆಗಸ್ಟ್‌ನಲ್ಲಿ ಚಾರ್ಲ್ಸ್ ಡ್ರೂ ಎಂಬ ಸರಕು ಹಡಗು ರಿಪೇರಿಗೆಂದು ಚೆನ್ನೈ ಬಳಿಯ ಕಾಟ್ಟುಪಳ್ಳಿಗೆ ಬಂದಿತ್ತು. ಅಮೆರಿಕನ್ ನೌಕಾಪಡೆಯ ಹಡಗೊಂದು ಭಾರತದಲ್ಲಿ ರಿಪೇರಿಗೆ ನಿಂತದ್ದು ಅದೇ ಮೊದಲು.

ಇಲ್ಲಿ ನೌಕರಿ ಸಿಕ್ಕವನಿಗೆ ಹಾಲ್‌ನಲ್ಲಿ ಕಾಯುವ ಆತಂಕವಿಲ್ಲ. ಸಂಬಳ ನಿಲ್ಲುವುದಿಲ್ಲ, ಆರೋಗ್ಯ ವಿಮೆ ದಡದಲ್ಲಿದ್ದಾಗಲೂ ಇರುತ್ತದೆ. ಅಂಚೆ ಕಚೇರಿಯವನಿಗೆ, ಆದಾಯ ತೆರಿಗೆಯವನಿಗೆ ಇರುವಂಥದೇ ಕೇಂದ್ರ ಸರ್ಕಾರದ ಪಿಂಚಣಿ. ಅತಿ ಹೆಚ್ಚು ಸಂಬಳ ಪಡೆದ ಮೂರು ವರ್ಷಗಳ ಮೂಲ ವೇತನದ ಸರಾಸರಿ ತೆಗೆದು, ಸೇವೆಯ ಪ್ರತಿ ವರ್ಷಕ್ಕೆ ಅದರ ಶೇಕಡಾ 1. ಇಪ್ಪತ್ತು ವರ್ಷ ದುಡಿದು 60ಕ್ಕೆ ನಿವೃತ್ತನಾದರೆ ಆ ಸರಾಸರಿಯ ಐದನೇ ಒಂದು ಭಾಗ. 62ರವರೆಗೆ ನಿಂತರೆ ಶೇಕಡಾ 1.1ರ ಲೆಕ್ಕ. ಇದರ ಜೊತೆಗೆ ಉಳಿತಾಯ ಯೋಜನೆಗೆ ಸರ್ಕಾರ ಶೇಕಡಾ 5ರವರೆಗೆ ತನ್ನ ಪಾಲು ಹಾಕುತ್ತದೆ. ಕಂಪನಿ ಮುಳುಗಿದರೆ ಪಿಂಚಣಿಯೂ ಮುಳುಗೀತೇ ಎಂಬ ಭಯ ಇಲ್ಲಿ ಬೇಕಿಲ್ಲ.

ಇಳಿಯುವ ದಿನದ ಪ್ರಶ್ನೆಗೆ ಮಾತ್ರ ಇಲ್ಲಿ ಉತ್ತರ ಸರಳವಾಗಿಲ್ಲ. ಕಾಗದದ ಮೇಲೆ ನಾಲ್ಕು ತಿಂಗಳು ಹಡಗಿನಲ್ಲಿದ್ದ ಮೇಲೆ ಬದಲಿ ಕೇಳಬಹುದು. ಕೇಳಬಹುದು ಅಷ್ಟೇ. ಬದಲಿಯವನನ್ನು ಹುಡುಕಿ ಕಳಿಸುವುದು ನಾರ್‌ಫೋಕ್‌ನ ಕಚೇರಿ. ಅಲ್ಲಿ ಜನ ಸಾಲದಿದ್ದರೆ ಐದು ತಿಂಗಳಾಗುತ್ತದೆ, ಆರಾಗುತ್ತದೆ. ಹಡಗು ಬಹ್ರೇನಿನ ಹತ್ತಿರವೋ ಗುವಾಮಿನ ಹತ್ತಿರವೋ ಇರುತ್ತದೆ. ಮನೆಗೆ ಹೋದ ಮೇಲೂ ರಜೆ ಉದ್ದವಾಗಿರುವುದಿಲ್ಲ. ಸರ್ಕಾರಿ ನೌಕರರಿಗೆ ಸೇವೆಯ ಹಿರಿತನ ನೋಡಿ ವರ್ಷಕ್ಕೆ 13, 20 ಅಥವಾ 26 ದಿನ ರಜೆ ಕೊಡುವ ನಿಯಮ ಮೇಜಿನ ಮುಂದೆ ಕುಳಿತವರನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು. ವಾರಾಂತ್ಯ ಎಂಬುದೇ ಇಲ್ಲದ ನಾವಿಕನಿಗೆ ಅದರ ಮೇಲೆ ಸಮುದ್ರಸೇವೆಯ ಒಂದಷ್ಟು ರಜೆ ಸೇರಿಸಿದರೂ ಖಾಸಗಿ ಹಡಗಿನವನ ಹತ್ತಿರ ಬರುವುದು ಕಷ್ಟ.

ಇದರ ಬೇರು ಲೆಕ್ಕಾಚಾರದಲ್ಲಿದೆ. ಖಾಸಗಿ ಹಡಗು ರಂಗದಲ್ಲಿ ಒಂದು ಹುದ್ದೆಗೆ ಹೆಚ್ಚುಕಡಿಮೆ ಇಬ್ಬರು ಇರುತ್ತಾರೆ. ಒಬ್ಬ ನೀರಿನ ಮೇಲೆ, ಒಬ್ಬ ಮನೆಯಲ್ಲಿ. ಸೀಲಿಫ್ಟ್ ಕಮಾಂಡಿನಲ್ಲಿ ಒಂದು ಹುದ್ದೆಗೆ ಇದ್ದವರು ಸುಮಾರು ಒಂದೂಕಾಲು ಜನ. ಹಾಗಿದ್ದ ಮೇಲೆ ಬದಲಿ ಎಲ್ಲಿಂದ ಬಂದಾನು? ಬೇಸತ್ತವರು ಕೆಲಸ ಬಿಡುತ್ತಾರೆ, ಉಳಿದವರ ಮೇಲೆ ಹೊರೆ ಹೆಚ್ಚುತ್ತದೆ, ಅವರೂ ಬಿಡುತ್ತಾರೆ. 2024ರ ನವೆಂಬರ್‌ನಲ್ಲಿ ನೌಕಾಪಡೆ ಕೈಚೆಲ್ಲಿ, 17 ಹಡಗುಗಳನ್ನು ಬಂದರಿಗೆ ಕಟ್ಟಿ ಅವುಗಳ ಸಿಬ್ಬಂದಿಯನ್ನು ಉಳಿದ ಹಡಗುಗಳಿಗೆ ಹಂಚುವುದಾಗಿ ಪ್ರಕಟಿಸಿತು. ಜಗತ್ತಿನ ಅತಿ ಬಲಿಷ್ಠ ನೌಕಾಪಡೆ ನಾವಿಕರಿಲ್ಲದೆ ಹಡಗು ಕಟ್ಟಿಹಾಕಿದ್ದು ಸಣ್ಣ ವಿಷಯವಲ್ಲ. ಮನುಷ್ಯನನ್ನು ಹೊತ್ತಿಗೆ ಸರಿಯಾಗಿ ಮನೆಗೆ ಕಳಿಸದಿದ್ದರೆ ಅವನು ಮರಳಿ ಬರುವುದಿಲ್ಲ. ಇದು ಅಡ್ಮಿರಲ್‌ಗಳಿಗೆ ತಡವಾಗಿ ತಿಳಿದದ್ದು ನನಗೆ ಬೇಸರದ ಸಂಗತಿ.

ಕೋವಿಡ್ ಕಾಲದಲ್ಲಿ ಇದು ಇನ್ನೂ ಕಟುವಾಗಿ ಕಂಡಿತ್ತು. 2020ರ ಮಾರ್ಚ್‌ನಲ್ಲಿ ಸೀಲಿಫ್ಟ್ ಕಮಾಂಡ್ ತನ್ನ ನಾಗರಿಕ ನಾವಿಕರು ಹಡಗು ಬಿಟ್ಟು ಇಳಿಯಬಾರದೆಂದು ಆದೇಶಿಸಿತು. ತಮ್ಮ ಊರಿನ ಬಂದರಿನಲ್ಲೇ ಹಡಗು ಕಟ್ಟಿದ್ದರೂ ಅವರು ಮನೆಗೆ ಹೋಗುವಂತಿರಲಿಲ್ಲ. ಅದೇ ಹಡಗಿಗೆ ರಿಪೇರಿ ಕೆಲಸಗಾರರು ದಿನವೂ ಬಂದು ಹೋಗುತ್ತಿದ್ದರು. ಆ ವರ್ಷ ಜಗತ್ತಿನಾದ್ಯಂತ ಸುಮಾರು 4 ಲಕ್ಷ ನಾವಿಕರು, ಅವರಲ್ಲಿ ನಮ್ಮವರೂ ಬಹಳ ಮಂದಿ, ಅವಧಿ ಮುಗಿದರೂ ಹಡಗಿನಲ್ಲೇ ಸಿಕ್ಕಿಕೊಂಡಿದ್ದರು ಎಂಬುದು ನಿಜ. ಆದರೆ ಅವರನ್ನು ತಡೆದದ್ದು ಮುಚ್ಚಿದ ಗಡಿಗಳು. ಇಲ್ಲಿ ತಡೆದದ್ದು ಸ್ವಂತ ಉದ್ಯೋಗದಾತನೇ.

ಹಾಗಾದರೆ ಸರ್ಕಾರಿ ನಾವಿಕನಿಗೆ ಯೂನಿಯನ್ ಇಲ್ಲವೇ? ಇದೆ. ಹಲವರು ಎಡವುವುದು ಇಲ್ಲಿ. ಸೀಲಿಫ್ಟ್ ಕಮಾಂಡಿನ ಕೆಳಹಂತದ ನಾವಿಕರನ್ನು ಪ್ರತಿನಿಧಿಸುತ್ತ ಬಂದದ್ದು ಖಾಸಗಿ ಹಡಗುಗಳಿಗೆ ಜನ ಕಳಿಸುವ ಅದೇ ಸೀಫೇರರ್ಸ್ ಇಂಟರ್‌ನ್ಯಾಷನಲ್ ಯೂನಿಯನ್. ಎಂಜಿನಿಯರರನ್ನು 1875ರಲ್ಲಿ ಹುಟ್ಟಿದ ಮರೀನ್ ಎಂಜಿನಿಯರ್ಸ್ ಬೆನಿಫಿಶಿಯಲ್ ಅಸೋಸಿಯೇಷನ್, ಡೆಕ್ ಅಧಿಕಾರಿಗಳನ್ನು ಮಾಸ್ಟರ್ಸ್, ಮೇಟ್ಸ್ ಅಂಡ್ ಪೈಲಟ್ಸ್ ಸಂಘ. ಇನ್ನೂ ಒಂದು ಮಾತು ಗಮನಿಸಬೇಕು. ಸರ್ಕಾರಿ ಹಡಗಿನ ಸಿಬ್ಬಂದಿಯ ಸಂಬಳವನ್ನು ಸಾರ್ವಜನಿಕ ಹಿತಕ್ಕೆ ಹೊಂದುವಷ್ಟು ಮಟ್ಟಿಗೆ ಹಡಗು ಉದ್ಯಮದಲ್ಲಿ ನಡೆಯುತ್ತಿರುವ ದರಕ್ಕೆ ತಕ್ಕಂತೆ ಗೊತ್ತುಮಾಡಬೇಕು ಎನ್ನುತ್ತದೆ ಅಮೆರಿಕದ ಕಾನೂನು. ಆ ದರವನ್ನು ಕಟ್ಟಿದವರು ಯಾರು? ಹಾಲ್‌ನ ನಾವಿಕರು. ಯೂನಿಯನ್ ನಾವಿಕ ಚೌಕಾಸಿ ಮಾಡಿ ಗೆದ್ದ ಬೆಲೆ, ಏತದ ನೀರು ಕಾಲುವೆಯಲ್ಲಿ ಪಕ್ಕದ ಗದ್ದೆಗೂ ಹರಿಯುವಂತೆ, ಸರ್ಕಾರಿ ನಾವಿಕನ ಸಂಬಳಕ್ಕೂ ತಲುಪುತ್ತದೆ.

ವ್ಯತ್ಯಾಸವಿರುವುದು ಸಂಘಟನೆಯ ಹಲ್ಲಿನಲ್ಲಿ. ಸರ್ಕಾರಿ ನೌಕರ ಮುಷ್ಕರ ಹೂಡುವಂತಿಲ್ಲ. 1981ರಲ್ಲಿ ವಿಮಾನ ಸಂಚಾರ ನಿಯಂತ್ರಕರು ಮುಷ್ಕರಕ್ಕಿಳಿದಾಗ ಅಧ್ಯಕ್ಷ ರೇಗನ್ ಹನ್ನೊಂದು ಸಾವಿರಕ್ಕೂ ಹೆಚ್ಚು ಮಂದಿಯನ್ನು ಕೆಲಸದಿಂದ ತೆಗೆದರು. ನಾವಿಕರು ಆ ಪಾಠವನ್ನು ದೂರದಿಂದ ಕಲಿಯಲಿಲ್ಲ. ಆ ನಿಯಂತ್ರಕರ ಸಂಘ ಮೇಲೆ ಹೇಳಿದ ಮರೀನ್ ಎಂಜಿನಿಯರ್‌ಗಳ ಸಂಘಕ್ಕೇ ಸೇರಿಕೊಂಡಿತ್ತು. 2025ರ ಮಾರ್ಚ್‌ನಲ್ಲಿ ಅಧ್ಯಕ್ಷ ಟ್ರಂಪ್ ರಾಷ್ಟ್ರೀಯ ಭದ್ರತೆಯ ಕಾರಣ ಕೊಟ್ಟು ರಕ್ಷಣಾ ಇಲಾಖೆ ಸೇರಿದಂತೆ ಹಲವು ಇಲಾಖೆಗಳನ್ನು ನೌಕರರ ಸಾಮೂಹಿಕ ಚೌಕಾಸಿಯ ಕಾನೂನಿನಿಂದ ಹೊರಗಿಡುವ ಆದೇಶ ಹೊರಡಿಸಿದರು. ಅದರ ವಿರುದ್ಧ ಸಂಘಗಳು ಕೋರ್ಟಿಗೆ ಹೋದವು. ಪಿಂಚಣಿ ಭದ್ರ, ಆದರೆ ಮಾತಾಡುವ ಹಕ್ಕು ಒಂದು ಸಹಿಯಿಂದ ಅಲುಗಾಡಬಲ್ಲದು. ಹೊಸಬರು ಇದನ್ನೂ ತೂಗಿ ನೋಡಬೇಕು.

ಗಾಯವಾದರೆ ಏನು ಎಂಬುದನ್ನು ಕೆಲಸ ಹುಡುಕುವ ವಯಸ್ಸಿನಲ್ಲಿ ಯಾರೂ ಯೋಚಿಸುವುದಿಲ್ಲ. ಖಾಸಗಿ ಹಡಗಿನಲ್ಲಿ ಮಾಲೀಕನ ನಿರ್ಲಕ್ಷ್ಯದಿಂದ ಕೈ ಮುರಿದರೆ ಜೋನ್ಸ್ ಕಾಯಿದೆಯಡಿ ದಾವೆ ಹೂಡಿ, ಜೂರಿಯ ಮುಂದೆ ಪರಿಹಾರ ಕೇಳಬಹುದು. ತಪ್ಪು ಯಾರದ್ದೇ ಇರಲಿ, ಚೇತರಿಸಿಕೊಳ್ಳುವವರೆಗೆ ಊಟ, ವಸತಿ, ಚಿಕಿತ್ಸೆಯ ಖರ್ಚು ಮಾಲೀಕನದು ಎಂಬ ಸಮುದ್ರದ ಹಳೆಯ ಕಟ್ಟಳೆಯೂ ಅವನ ಬೆನ್ನಿಗಿದೆ. ಸರ್ಕಾರಿ ನಾವಿಕನಿಗೆ ಆ ದಾವೆಯ ಬಾಗಿಲು ಮುಚ್ಚಿದೆ. ಸರ್ಕಾರಿ ನೌಕರರ ಪರಿಹಾರ ಕಾಯಿದೆಯಡಿ ಸಿಗುವುದಷ್ಟೇ ಅವನದು ಎಂದು 1952ರಲ್ಲಿ ಯೋಹಾನ್ಸನ್ ಎಂಬ ನಾವಿಕನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿತು. ಈ ಪರಿಹಾರಕ್ಕೆ ಯಾರ ತಪ್ಪನ್ನೂ ರುಜುವಾತು ಮಾಡಬೇಕಿಲ್ಲ, ವಕೀಲನಿಗೆ ಪಾಲು ಕೊಡಬೇಕಿಲ್ಲ. ಆದರೆ ಬದುಕೇ ಮುರಿದುಬಿದ್ದಾಗ ಅದು ನಿಗದಿಯಾದ ಅಳತೆಯನ್ನು ಮೀರಿ ಬೆಳೆಯುವುದಿಲ್ಲ.

ನಡುವಿನ ದಾರಿಯೂ ಒಂದಿದೆ. ಸೀಲಿಫ್ಟ್ ಕಮಾಂಡಿನ ಎಲ್ಲ ಹಡಗುಗಳನ್ನೂ ಸರ್ಕಾರಿ ನೌಕರರೇ ನಡೆಸುವುದಿಲ್ಲ. ಯುದ್ಧಸಾಮಗ್ರಿ ತುಂಬಿಕೊಂಡು ದೂರದ ದ್ವೀಪಗಳಲ್ಲಿ ಕಾದು ನಿಲ್ಲುವ ಹಡಗುಗಳಲ್ಲಿ ಹಲವನ್ನು ಗುತ್ತಿಗೆ ಕಂಪನಿಗಳು ನಡೆಸುತ್ತವೆ. ಅವುಗಳಿಗೆ ಜನ ಹೋಗುವುದು ಯೂನಿಯನ್ ಹಾಲ್‌ನಿಂದ. ಬೂದು ಹಡಗಿನ ಅನುಭವ ಬೇಕು, ಕಾರ್ಡಿನ ಸರದಿಯೂ ಉಳಿಯಬೇಕು ಎನ್ನುವವರು ಅಲ್ಲಿ ನೋಡಬಹುದು.

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರ ಮಕ್ಕಳಿಗೆ, ಅದರಲ್ಲೂ ಮಂಗಳೂರು, ಉಡುಪಿ, ಹೊನ್ನಾವರಗಳ ಕಡಲಿನ ಸಂಬಂಧ ಉಳಿಸಿಕೊಂಡ ಮನೆಗಳವರಿಗೆ, ಒಂದು ಮಾತು. ಅಲ್ಲಿನ ಧ್ವಜದ ಹಡಗಿನಲ್ಲಿ ಅಧಿಕಾರಿಯಾಗಲು ಪೌರತ್ವ ಇರಲೇಬೇಕು. ಸೀಲಿಫ್ಟ್ ಕಮಾಂಡಿನಲ್ಲಿ ಯಾವ ಹುದ್ದೆಗಾದರೂ ಪೌರತ್ವ ಬೇಕು, ಭದ್ರತಾ ತಪಾಸಣೆಯೂ ಉಂಟು. ಗ್ರೀನ್ ಕಾರ್ಡ್ ಮಾತ್ರ ಇರುವವರಿಗೆ ತೆರೆದಿರುವುದು ಖಾಸಗಿ ಹಡಗಿನ ಕೆಳಹಂತದ ಹುದ್ದೆಗಳು, ಅದೂ ಆ ಹುದ್ದೆಗಳ ಕಾಲು ಭಾಗ ಮೀರದಂತೆ. ಅಂಥವರಿಗೆ ಆಯ್ಕೆಯ ಪ್ರಶ್ನೆಯೇ ಇಲ್ಲ, ಹಾಲ್ ಒಂದೇ ದಾರಿ. ಊರಿನಲ್ಲಿರುವ ನಮ್ಮ ಹುಡುಗರ ಕಥೆ ಬೇರೆ. ಸರದಿಯ ಪ್ರಕಾರ ಹಡಗು ಹತ್ತಿಸುವ ರೋಸ್ಟರನ್ನು ಮುಂಬೈ, ಕೋಲ್ಕತ್ತಗಳಲ್ಲಿ ಸರ್ಕಾರದ ಸೀಮೆನ್ಸ್ ಎಂಪ್ಲಾಯ್‌ಮೆಂಟ್ ಆಫೀಸುಗಳೇ ನಡೆಸುತ್ತಿದ್ದ ಕಾಲ ಹೋಯಿತು. 2005ರ ನಿಯಮಗಳ ನಂತರ ನೇಮಕಾತಿ ಪರವಾನಗಿ ಪಡೆದ ಖಾಸಗಿ ಏಜೆನ್ಸಿಗಳ ಕೈಯಲ್ಲಿದೆ. ಭಾರತ 2015ರಲ್ಲಿ ಅಂಗೀಕರಿಸಿದ ಅಂತರರಾಷ್ಟ್ರೀಯ ನಾವಿಕ ಕಾರ್ಮಿಕ ಒಡಂಬಡಿಕೆಯ ಪ್ರಕಾರ ಕೆಲಸ ಕೊಡಿಸಲು ನಾವಿಕನಿಂದ ಕಾಸು ಕೇಳುವುದೇ ತಪ್ಪು. ಕೇಳಿದರೆ ಆ ಏಜೆಂಟನ ಮುಂದೆ ಮತ್ತೆ ನಿಲ್ಲಬೇಡಿ.

ಇಪ್ಪತ್ತೆರಡರ ವಯಸ್ಸಿನ, ಮನೆಯ ಹೊಣೆ ಇನ್ನೂ ಬೀಳದ ಹುಡುಗಿಗೋ ಹುಡುಗನಿಗೋ ನಾನು ಸರ್ಕಾರಿ ಹಡಗನ್ನೇ ಸೂಚಿಸುತ್ತೇನೆ. ಕೆಳಹಂತದಿಂದ ಮೇಲೆ ಬಂದು ಥರ್ಡ್ ಮೇಟ್ ಎಂಬ ಡೆಕ್ ಅಧಿಕಾರಿಯ ಪರೀಕ್ಷೆಗೆ ಕೂರಲು 1,080 ದಿನಗಳ ಸಮುದ್ರಸೇವೆ ಬೇಕು. ಹಾಲ್‌ನಲ್ಲಿ ಹೊಸಬನಾಗಿ ಕಾಯುತ್ತ ಅಷ್ಟು ದಿನ ಕೂಡಿಸುವುದು ನಿಧಾನ. ಬದಲಿ ಬಾರದ ಹಡಗಿನಲ್ಲಿ ಅದೇ ದಿನಗಳು ಬೇಗ ಕೂಡುತ್ತವೆ. ಐದು ವರ್ಷ ಪೂರೈಸಿದರೆ ಪಿಂಚಣಿಯ ಹಕ್ಕೂ ಕೈಯಲ್ಲಿ ಉಳಿಯುತ್ತದೆ. ಚಿಕ್ಕ ಮಕ್ಕಳಿರುವವರು, ವಯಸ್ಸಾದ ತಂದೆತಾಯಿಯರನ್ನು ನೋಡಿಕೊಳ್ಳುವವರು ಹಾಲ್‌ನ ಕಡೆಗೆ ನಡೆಯಲಿ. ಆದಾಯ ಏರಿಳಿದೀತು, ಆದರೆ ಮನೆಗೆ ಮರಳುವ ತಿಂಗಳು ಯಾವುದೆಂದು ತಿಳಿದಿರುತ್ತದೆ.

ಯಾವ ಕಡೆ ಹೋದರೂ ಸಹಿ ಹಾಕುವ ಮೊದಲು ಜಾಹೀರಾತಿನವರನ್ನು ಬಿಟ್ಟು ಆ ಹುದ್ದೆಯಲ್ಲಿ ಇದ್ದು ಬಂದವರನ್ನು ವಿಚಾರಿಸಿ. ಸರ್ಕಾರಿ ಹಡಗಾದರೆ, ನಿಮ್ಮದೇ ದರ್ಜೆಯವನಿಗೆ ನಾಲ್ಕು ತಿಂಗಳು ಮುಗಿದ ಮೇಲೆ ಬದಲಿ ಬರಲು ಎಷ್ಟು ದಿನ ಹಿಡಿಯಿತು ಎಂದು ಕೇಳಿ. ಹಾಲ್ ಆದರೆ, ಕಳೆದ ತಿಂಗಳು ನಿಮ್ಮ ದರ್ಜೆಯ ಕೆಲಸ ಪಡೆದವನ ಕಾರ್ಡು ಎಷ್ಟು ಹಳೆಯದಾಗಿತ್ತು ಎಂದು ಕೇಳಿ.